14 ನಿಮಿಷದ ಆಟಕ್ಕೆ 3 ಗಂಟೆಯ ವೇದಿಕೆ

"ಬಿಹಾರದ ರಾಜಗೀರ್‌ಗೆ ಬಂದದ್ದು ನಮ್ಮ ಕೋಲಾರಕ್ಕೆ ಯಾಕೆ ಬರಬಾರದು ಸ್ವಾಮಿ?"

ಟೀ ಅಂಗಡಿಯಲ್ಲಿ ನಮ್ಮ ಬೀದಿಯ ಮುಖಂಡರು ಟೇಬಲ್ ಗುದ್ದಿ ಕೇಳಿದರು. ವಿಷಯ ರಗ್ಬಿ ಸೆವೆನ್ಸ್, ಅಂದರೆ ಟೀಮಿಗೆ ಏಳೇ ಜನ ಆಡುವ ರಗ್ಬಿ. 2025ರ ಆಗಸ್ಟ್ 9 ಮತ್ತು 10ರಂದು 20 ವರ್ಷದೊಳಗಿನವರ ಏಷ್ಯಾ ಟೂರ್ನಿ ರಾಜಗೀರ್‌ನಲ್ಲಿ ನಡೆಯಿತು. ನಮ್ಮ ದೇಶದ ಹುಡುಗಿಯರು ಕಂಚು ಗೆದ್ದರು. ಕಂಚಿನ ಸುದ್ದಿ ಮುಖಂಡರ ಕಿವಿಗೆ ಬಿದ್ದಿರಲಿಲ್ಲ, 'ಏಷ್ಯಾ' ಅನ್ನೋದು ಮಾತ್ರ ಬಿದ್ದಿತ್ತು. ನಮ್ಮ ಟೊಮೆಟೊ ಮಂಡಿ ಏಷ್ಯಾದಲ್ಲೇ ಎರಡನೇ ದೊಡ್ಡದು ಅಂತ ಹೇಳಿಕೊಂಡು ಓಡಾಡುವ ಜನ ನಾವು. ಏಷ್ಯಾ ಅಂದರೆ ಸುಮ್ನೆ ಕೂರೋಕಾಗುತ್ತಾ?

ಬರಲಿ, ನನ್ನದೇನೂ ತಕರಾರಿಲ್ಲ. ಆದರೆ ಈ ಆಟ ಏಳು ನಿಮಿಷ ಆಡಿ, ಎರಡು ನಿಮಿಷ ಉಸಿರು ಬಿಟ್ಟು, ಮತ್ತೆ ಏಳು ನಿಮಿಷ ಆಡಿದರೆ ಮುಗಿಯಿತು. ಅಷ್ಟರಲ್ಲಿ ನಮ್ಮಲ್ಲಿ ಪ್ರಾರ್ಥನೆ ಹಾಡುವ ಹುಡುಗಿಗೆ ಮೈಕ್ ಕೂಡ ಸರಿಹೋಗಿರುವುದಿಲ್ಲ. "ಹಲೋ, ಹಲೋ" ಮುಗಿಯುವ ಹೊತ್ತಿಗೆ ಜಪಾನ್, ಹಾಂಗ್‌ಕಾಂಗ್ ಎರಡೂ ಟೀಮು ಸ್ನಾನ ಮುಗಿಸಿ ಬಸ್ ಹತ್ತಿರುತ್ತವೆ.

ಈ ಆಟ ಹುಟ್ಟಿದ್ದು 1883ರಲ್ಲಿ, ಸ್ಕಾಟ್ಲೆಂಡಿನ ಮೆಲ್‌ರೋಸ್‌ನಲ್ಲಿ. ಕ್ಲಬ್ಬಿನ ಕೈಲಿ ಕಾಸಿರಲಿಲ್ಲ. ಟೂರ್ನಿ ಮಾಡಿ ದುಡ್ಡೆತ್ತೋಣ ಅಂದರೆ, 15 ಜನರ ಟೀಮುಗಳನ್ನು ಒಂದೇ ದಿನ ಆಡಿಸಿ ಮುಗಿಸೋಕಾಗಲ್ಲ. ನೆಡ್ ಹೇಗ್ ಅನ್ನೋ ಕಸಾಯಿಯವನು ಜನ ಕಡಿಮೆ ಮಾಡಿದ, ಹೊತ್ತೂ ಕಡಿಮೆ ಮಾಡಿದ. ಕಾಸು ಬರಲಿ ಅಂತ ಅವನು ಆಟ ಚಿಕ್ಕದು ಮಾಡಿದ. ನಾವು ಬಂದ ಕಾಸು ಶಾಮಿಯಾನಕ್ಕೆ ಸುರಿದು ಆಟ ಚಿಕ್ಕದು ಮಾಡುತ್ತೇವೆ.

ಸುಮ್ನೆ ಹೇಳ್ತಿಲ್ಲ. ಹೋದ ಸಲ ಇಲ್ಲೇ ಶಾಲಾ ಮಕ್ಕಳ ರಗ್ಬಿ ಪಂದ್ಯ ಇತ್ತು. ಬೆಳಗ್ಗೆ ಒಂಬತ್ತಕ್ಕೆ ಆಟ ಅಂದಿದ್ದರು. ಮೈದಾನದಲ್ಲಿ ಕಡೆಗೆ ಏಳೇಳು ಹುಡುಗರು, ವೇದಿಕೆ ಮೇಲೆ ಮೂವತ್ತೆರಡು ಕುರ್ಚಿ. ಸಾಲದು ಅಂತ ಪಕ್ಕದ ಹೋಟೆಲಿಂದ ಇನ್ನೂ ನಾಲ್ಕು ತಂದರು. ಎಚ್ ಅಕ್ಷರದ ಥರ ನಿಂತ ಗೋಲು ಕಂಬಗಳು ಫ್ಲೆಕ್ಸ್ ಕಟ್ಟೋಕೆ ಹೇಳಿ ಮಾಡಿಸಿದ ಹಾಗಿದ್ದವು. ಒಂದು ಕಂಬದಲ್ಲಿ ಹಾಲಿ, ಇನ್ನೊಂದರಲ್ಲಿ ಮಾಜಿ ಕೈಮುಗಿದು ನಗುತ್ತಿದ್ದರು. ಗಾಳಿಗೆ ದೀಪ ಹತ್ತಲಿಲ್ಲ, ಕರ್ಪೂರ ಇಟ್ಟರು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಹಾರ ಹಾಕಿಸಿಕೊಂಡವರು ತಕ್ಷಣ ತೆಗೆದು ಮುಂದಿನ ಟೀಪಾಯಿ ಮೇಲಿಟ್ಟರು. ಹೆಸರು ಬಿಟ್ಟುಹೋಯಿತು ಅಂತ ಒಬ್ಬರು ಮುನಿಸಿಕೊಂಡು ಎದ್ದರು. ಅವರನ್ನು ಸಮಾಧಾನ ಮಾಡಿ ಕೂರಿಸೋಕೆ ಹಿಡಿದ ಹೊತ್ತಲ್ಲಿ ಎರಡು ಪಂದ್ಯ ಆಡಿಸಬಹುದಿತ್ತು.

ಸೆವೆನ್ಸ್‌ನಲ್ಲಿ ತಪ್ಪಾಟ ಆಡಿ ಹಳದಿ ಕಾರ್ಡ್ ತಿಂದವನು ಎರಡು ನಿಮಿಷ ಹೊರಗೆ ಕೂರಬೇಕು. ಭಾಷಣಕ್ಕೂ ಅದೊಂದು ಇದ್ದಿದ್ದರೆ ವೇದಿಕೆ ಮೇಲೆ ಉಳಿಯುತ್ತಿದ್ದದ್ದು ಹಣ್ಣಿನ ಬುಟ್ಟಿ ಮಾತ್ರ.

ಕೊನೆಗೆ ಉದ್ಘಾಟಕರು ಚೆಂಡು ಕೈಗೆ ತಗೊಂಡರು. ಈ ಆಟದಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕಕ್ಕೆ, ಇಲ್ಲ ಹಿಂದಕ್ಕೆ ಕೊಡಬೇಕು. ಅವರು ಕ್ಯಾಮೆರಾ ನೋಡಿ, ಬಲವಾಗಿ ಮುಂದಕ್ಕೆ ಎಸೆದರು. ಟೂರ್ನಿಯ ಮೊದಲ ಫೌಲ್! ಶೀಟಿ ಬಾಯಲ್ಲಿದ್ದ ನಮ್ಮ ಪೀಟಿ ಮೇಷ್ಟ್ರಿಗೆ ಅಭ್ಯಾಸಬಲ, ಕೆನ್ನೆ ಉಬ್ಬಿತು. ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ಅವರ ಕೈ ಹಿಡಿದರು. ಮೇಷ್ಟ್ರು ಶೀಟಿ ಇಳಿಸಿ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಹನ್ನೆರಡೂಕಾಲು. ಬಿಸಿಲಲ್ಲಿ ನಿಂತ ಹುಡುಗರಲ್ಲಿ ಇಬ್ಬರು ಆಗಲೇ ಬೇಲಿ ಹತ್ತಿರ ಕೂತಿದ್ದರು. ಆಗ ನಿರೂಪಕರು ಮೈಕ್ ಹಿಡಿದರು. "ಸಮಯದ ಅಭಾವದಿಂದ, ಗಣ್ಯರಿಗೆ ಬೇರೆ ಕಾರ್ಯಕ್ರಮ ಇರುವುದರಿಂದ, ಪಂದ್ಯದ ಅವಧಿಯನ್ನು ಕಡಿತ ಮಾಡಲಾಗಿದೆ."

ಮೇಷ್ಟ್ರು ವೇದಿಕೆ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು:

"ಇರೋದೇ ಹದಿನಾಲ್ಕು ನಿಮಿಷ. ಅದರಲ್ಲಿ ಎಷ್ಟು ಕಳೀಲಿ ಸಾರ್?"