ಫೋಟೋದಲ್ಲಿ ಕಂಡ ಮನೆ

ಪರಿಚಯವಿಲ್ಲದ ಊರಿಗೆ ಹೊರಟವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಮೊದಲು ಆನ್‌ಲೈನ್‌ನಲ್ಲಿ ನಾಲ್ಕು ಮನೆ ನೋಡಿಟ್ಟುಕೊಳ್ಳಿ. ನೋಡಿಟ್ಟುಕೊಂಡೆ. ಮೂಲೆಗೆ ಬೆನ್ನು ಹಚ್ಚಿ ನಿಂತು, ವೈಡ್ ಆ್ಯಂಗಲ್ ಲೆನ್ಸಿನಲ್ಲಿ ತೆಗೆದ ಚಿತ್ರದಲ್ಲಿ ಸಭಾಂಗಣದಂತೆ ಕಂಡಿದ್ದ ಮಲಗುವ ಕೋಣೆಯಲ್ಲಿ, ಖುದ್ದಾಗಿ ಹೋಗಿ ನೋಡಿದರೆ, ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ತೆರೆಯಲು ಜಾಗ ಉಳಿಯುವಂತಿರಲಿಲ್ಲ. ಹೊಸದಾಗಿ ಬಳಿದ ಬಣ್ಣವೇನೋ ಚೆನ್ನಾಗಿತ್ತು. ಆದರೆ ಕಿಟಕಿಯ ಕೆಳಗೆ ಅಂಗೈ ಇಟ್ಟಾಗ ತೇವ ತಗುಲಿತು, ಉಗುರಿನಿಂದ ಮೆಲ್ಲಗೆ ಕೆರೆದಾಗ ಬಣ್ಣದ ಹಿಂದಿನಿಂದ ಬಿಳಿಯ ಉಪ್ಪಿನ ಪುಡಿ ಉದುರಿತು. ಮನೆ ತೋರಿಸಲು ಬಂದವರು ಆ ಕ್ಷಣದಲ್ಲೇ ಬಾಲ್ಕನಿಯ ಸೊಬಗನ್ನು ವರ್ಣಿಸತೊಡಗಿದರು.

‘ನಿಲ್ದಾಣಕ್ಕೆ 1 ಕಿಲೋಮೀಟರ್’ ಎಂಬುದಂತೂ ಹಕ್ಕಿಗೆ ಮಾತ್ರ ಸಲ್ಲುವ ಲೆಕ್ಕ. ನಡುವೆ ರೈಲು ಹಳಿ ಇದ್ದುದರಿಂದ, ಮೇಲ್ಸೇತುವೆ ಸುತ್ತಿ ಬರುವ ಮನುಷ್ಯನಿಗೆ ಅದು 3 ಕಿಲೋಮೀಟರ್ ಆಗುತ್ತದೆ. ಮನೆ ತೋರಿಸುವುದೂ ರಸ್ತೆ ಖಾಲಿಯಿರುವ ರಜೆಯ ಮಧ್ಯಾಹ್ನವೇ; ಕೆಲಸದ ದಿನ ಬೆಳಿಗ್ಗೆ 8 ಗಂಟೆಗೊಮ್ಮೆ, ರಾತ್ರಿ 10 ಗಂಟೆಗೊಮ್ಮೆ ಬರುತ್ತೇನೆಂದರೆ ಮುಖ ಸಪ್ಪಗಾಗುತ್ತದೆ. ಅಡುಗೆಮನೆಯ ನಲ್ಲಿ ತಿರುಗಿಸಿಟ್ಟು, ಬಚ್ಚಲಿನ ಶವರ್‌ನಲ್ಲಿ ನೀರಿನ ರಭಸ ಎಷ್ಟು ಉಳಿಯುತ್ತದೆಂದು ಪರೀಕ್ಷಿಸಿದ್ದಕ್ಕೆ ನನ್ನನ್ನು ಕಳ್ಳನಂತೆ ನೋಡಿದವರೂ ಇದ್ದಾರೆ.

ಮೊದಲೆರಡು ತಿಂಗಳು ತಾತ್ಕಾಲಿಕವಾಗಿ ಎಲ್ಲಾದರೂ ಇದ್ದು, ಪ್ರದೇಶದ ಪರಿಚಯವಾದ ಮೇಲೆ ಮನೆ ಹುಡುಕಬೇಕೆಂಬ ಸಲಹೆ ಸರಿಯಾದದ್ದೇ, ಒಪ್ಪುತ್ತೇನೆ. ಅದನ್ನು ಕೊಡುವವರು ಮಾತ್ರ ಸಾಮಾನನ್ನು ಎರಡೆರಡು ಸಲ ಕಟ್ಟಿ ಬಿಚ್ಚಿದವರಂತೆ ಕಾಣುವುದಿಲ್ಲ.