ನೋಹಜ್ಜನಿಗೆ ಏರಿದ್ದು ಇನ್ನೂ ಇಳಿದಿಲ್ಲ

ಆ ನಕ್ಷೆ ನಿಮ್ಮ ಫೋನಿಗೂ ಬಂದಿರುತ್ತದೆ. ಏಷ್ಯಾ ಶೇಮನಿಗೆ, ಆಫ್ರಿಕಾ ಹಾಮನಿಗೆ, ಯುರೋಪು ಯೆಫೆತನಿಗೆ ಎಂದು ಬೈಬಲಿನ ನೋಹನ ಮೂವರು ಗಂಡುಮಕ್ಕಳಿಗೆ ಭೂಮಂಡಲ ಪಾಲು ಮಾಡಿಕೊಟ್ಟಿರುವ ನಕ್ಷೆ. ನನಗೆ ಈ ತಿಂಗಳಲ್ಲಿ ಮೂರನೇ ಸಲ ಬಂತು, 'ವಿಜ್ಞಾನಿಗಳೂ ಒಪ್ಪಿದ್ದಾರೆ' ಎಂಬ ಒಕ್ಕಣೆ ಸಮೇತ. ಹೊಸದೇನಲ್ಲ. 1472ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಅಚ್ಚಾದ, ಸೆವಿಲ್‌ನ ಇಸಿಡೋರ ಎಂಬ ಹಳೆಯ ಕಾಲದ ಬಿಷಪ್ಪನ ಗ್ರಂಥದಲ್ಲೂ ಇದೇ ಚಿತ್ರ: ಒಂದು ಸೊನ್ನೆ, ಒಳಗೊಂದು 'ಟಿ' ಅಕ್ಷರ, ಮೂರು ಹೋಳು, ಮೂರು ಹೆಸರು. ನಮ್ಮಲ್ಲಿ ಹನ್ನೆರಡು ಗುಂಟೆಯ ಪೋಡಿಗೆ ಹನ್ನೆರಡು ವರ್ಷ ಅಲೆಯಬೇಕು. ಅಲ್ಲಿ ಮೂರು ಖಂಡದ ಪೋಡಿ ಎರಡು ಗೆರೆಯಲ್ಲಿ ಮುಗಿದಿದೆ!

ಕಥೆ ಗೊತ್ತಲ್ಲ. ಪ್ರಳಯ ಇಳಿದ ಮೇಲೆ ನೋಹಜ್ಜ ದ್ರಾಕ್ಷಿತೋಟ ಹಾಕಿದ, ಕುಡಿದ, ಗುಡಾರದಲ್ಲಿ ಬಟ್ಟೆಯ ಪರಿವೆಯಿಲ್ಲದೆ ಬಿದ್ದುಕೊಂಡ. ಹಾಮ ನೋಡಿದ. ಉಳಿದಿಬ್ಬರು ಹಿಮ್ಮುಖ ನಡೆದುಬಂದು ಹೊದಿಸಿದರು. ಎಚ್ಚರಾದ ಅಜ್ಜ ಶಪಿಸಿದ್ದು ಹಾಮನನ್ನಲ್ಲ, ಅವನ ಮಗ ಕಾನಾನನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮುಂದೆ ಆ ಕಾನಾನರ ನೆಲವೇ ಇಸ್ರೇಲರ ಪಾಲಿಗೆ ಬಂದದ್ದು ಕಾಕತಾಳೀಯ ಇರಬೇಕು.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಇಸ್ರೇಲರ ಪಕ್ಕದ ಮನೆಯವರ ವಂಶದ ಬುಡ ಕೆದಕಿದರೆ ಹೆಂಡದ ವಾಸನೆ ಬರುತ್ತದೆ. ಗಡಿಯಾಚೆಯ ಮೋವಾಬ್ಯರ, ಅಮ್ಮೋನಿಯರ ಮೂಲಪುರುಷರು ಹುಟ್ಟಿದ್ದೂ ಹೀಗೇ, ಅಪ್ಪನಿಗೆ ದ್ರಾಕ್ಷಾರಸ ಕುಡಿಸಿದ ಹೆಣ್ಣುಮಕ್ಕಳಿಗೆ. ಕನ್ನಡ ಬೈಬಲಿನಲ್ಲಿ ಆ ಅಪ್ಪನ ಹೆಸರು ಲೋಟ. ಅನುವಾದಕರು ಬೇಕೆಂದು ಮಾಡಿದ್ದಲ್ಲ, ಆದರೂ ಓದುವಾಗಲೆಲ್ಲ ನನಗೆ ಸ್ಟೀಲಿನದ್ದೇ ಕಣ್ಣಮುಂದೆ ಬರುತ್ತದೆ.

ಇರಲಿ, ಹಾಮನಿಗೆ ಬರೋಣ. 1861ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸವಾನಾದಲ್ಲಿ ನಿಂತು, ಕಪ್ಪುಜನ ಗುಲಾಮಗಿರಿಗೆ ತಕ್ಕವರಾಗಿರುವುದು ಪ್ರಕೃತಿಯಿಂದಲೋ ಕಾನಾನನ ಶಾಪದಿಂದಲೋ ಎಂದ. ಶಾಪದಲ್ಲಿ ಮೈಬಣ್ಣದ ಸುದ್ದಿಯೇ ಇಲ್ಲ. ಎರಡೇ ವರ್ಷಕ್ಕೆ, ನೈಲ್ ನದಿಯ ಮೂಲ ಹುಡುಕಿಕೊಂಡು ಹೋಗಿದ್ದ ಸ್ಪೀಕ್ ಎಂಬ ಇಂಗ್ಲಿಷಿನವ ಪುಸ್ತಕ ಬರೆದ: ಆ ಕಡೆಯ ದೊರೆಮನೆತನಗಳು ಇಥಿಯೋಪಿಯಾದಿಂದ ಇಳಿದುಬಂದ ಮೇಲ್ತರದವರಂತೆ. 1930ರ ಹೊತ್ತಿಗೆ ಸೆಲಿಗ್‌ಮನ್ ಎಂಬ ಪಂಡಿತ ಆಫ್ರಿಕಾದ ನಾಗರಿಕತೆಯೆಲ್ಲ ಹಾಮಿಯರದ್ದು, ಅಂದರೆ ಹಾಮನ ವಂಶದವರದ್ದು, ಹಾಮಿಯರು ಬಿಳಿಯರ ನೆಂಟರು ಎಂದುಬಿಟ್ಟ. ದುಡಿಸಿಕೊಳ್ಳುವಾಗ ಹಾಮ ಕಪ್ಪು, ಪಿರಮಿಡ್ಡು ಕಂಡಾಗ ಹಾಮ ಬಿಳಿ. ಇಂಥ ಫೇರ್‌ನೆಸ್ ಕ್ರೀಮು ನಮ್ಮ ಅಂಗಡಿಗಳಿಗೂ ಇನ್ನೂ ಬಂದಿಲ್ಲ.

ಸಾಕು, ನನಗೂ ನಗು ಬರುತ್ತಿಲ್ಲ. ಈ ಕಟ್ಟುಕಥೆಯನ್ನೇ ತಲೆಯಲ್ಲಿಟ್ಟುಕೊಂಡು ಬೆಲ್ಜಿಯಂನವರು ತಾವು ಆಳುತ್ತಿದ್ದ ಆಫ್ರಿಕಾದ ರುವಾಂಡಾದಲ್ಲಿ ಹುಟು, ಟುಟ್ಸಿ ಎಂದು ಪಂಗಡ ಬರೆದ ಗುರುತಿನ ಚೀಟಿ ಹಂಚಿದರು. ಟುಟ್ಸಿಗಳು ಹಾಮಿಯರು, ಹೊರಗಿನವರು ಅನ್ನುವುದು ಶಾಲೆಯ ಪಾಠವಾಯಿತು. 1992ರಲ್ಲಿ ಒಬ್ಬ ಹುಟು ರಾಜಕಾರಣಿ, ಟುಟ್ಸಿಗಳನ್ನು ನ್ಯಾಬರೊಂಗೊ ಹೊಳೆಯ ಮೇಲೆ ಇಥಿಯೋಪಿಯಾಕ್ಕೆ ವಾಪಸು ಕಳಿಸೋಣ ಎಂದು ಭಾಷಣ ಮಾಡಿದ. 1994ರಲ್ಲಿ ಕಳಿಸಿದರು. ನೂರು ದಿನ ಕೊಂದರು. ರಸ್ತೆಗೆ ಅಡ್ಡಕಟ್ಟಿ ನಿಂತವರು ಮೊದಲು ಕೇಳುತ್ತಿದ್ದದ್ದು ಅದೇ ಚೀಟಿಯನ್ನು. ಹೆಣಗಳು ತೇಲುತ್ತ ವಿಕ್ಟೋರಿಯಾ ಸರೋವರದವರೆಗೆ ಹೋದವು.

ನಕ್ಷೆ ಕಳಿಸಿದ ಹಿರಿಯರು ನಿನ್ನೆ ರಾತ್ರಿ ಕೇಳಿದ್ದರು: 'ಹಾಗಾದ್ರೆ ನಾವು ಯಾವ ಪೈಕಿ ಸಾರ್? ಶೇಮನ ಕಡೆ ತಾನೇ?' ಅಲ್ಲ ಸ್ವಾಮಿ, 1792ರಲ್ಲೇ ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸ್ ನಮ್ಮನ್ನು ಹಾಮನ ಖಾತೆಗೆ ಬರೆದಾಗಿದೆ ಎಂದು ಉತ್ತರ ಹಾಕಿದೆ. ಎರಡು ನೀಲಿ ಟಿಕ್ ಬಿದ್ದಿವೆ. ಮಾತಿಲ್ಲ.