ರಿಸ್ಕು ಅಜೆಂಡಾದ ಕೊನೇ ಸಾಲಲ್ಲಿ ಕೂತರೆ

"ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು." ಶಿರಸಿ-ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರ ಸಹಕಾರಿ ಸೊಸೈಟಿಗಳ ಆಡಳಿತ ಮಂಡಳಿಯಲ್ಲಿ ರಿಸ್ಕಿನ ಮಾತು ಎದ್ದರೆ ಬಹುತೇಕ ಇದರಡಿಯೇ. ಅಷ್ಟೊತ್ತಿಗೆ ಅವಲಕ್ಕಿ-ಚಾ ಮುಗಿದಿರುತ್ತದೆ, ದೂರದ ನಿರ್ದೇಶಕರು ಬಸ್ಸಿನ ಹೊತ್ತು ನೋಡುತ್ತಿರುತ್ತಾರೆ.

ದೊಡ್ಡ ಕಂಪನಿಗಳೂ ಏನು ಬೇರೆಯಲ್ಲ. ರಸ್ತೆ, ವಿದ್ಯುತ್ತಿನಂಥ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಆಂಡ್ ಎಫ್ಎಸ್‌ನಲ್ಲಿ ರಿಸ್ಕ್ ಸಮಿತಿ ಕಾಗದದ ಮೇಲೆ ಇತ್ತು, ವರ್ಷಗಟ್ಟಲೆ ಸಭೆಯೇ ಸೇರಲಿಲ್ಲ. ಸಾಲ 91,000 ಕೋಟಿ ದಾಟಿತ್ತು. ಕಂತು ತಪ್ಪಿತು, 2018ರ ಅಕ್ಟೋಬರಿನಲ್ಲಿ ಸರ್ಕಾರ ಮಂಡಳಿಯನ್ನೇ ಬದಲಿಸಿತು. ಈಗ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಈ ಸಮಿತಿ ಕಡ್ಡಾಯ, ವರ್ಷಕ್ಕೆ ಎರಡು ಸಭೆಯಾದರೂ ಆಗಬೇಕು. ಸೊಸೈಟಿಗಳಿಗೆ ಆ ನಿಯಮ ತಾಗುವುದಿಲ್ಲ. ಆದರೆ ಅಡಿಕೆ ದರ ಬೀಳುವಾಗ ಇದು ಕಂಪನಿಯೋ ಸೊಸೈಟಿಯೋ ಎಂದು ಕೇಳಿಕೊಂಡು ಬೀಳುವುದಿಲ್ಲ.

ರಿಸ್ಕುಗಳ ಪಟ್ಟಿ ಬರೆಸಿ ಫೈಲಿಗೆ ಹಾಕುವುದರಿಂದ ಏನೂ ಆಗದು. ಮಂಡಳಿಯ ಕೆಲಸ ಎಷ್ಟರವರೆಗೆ ಎಂಬ ಮಿತಿಯನ್ನು ಮೊದಲೇ ಅಂಕಿಯಲ್ಲಿ ಕಟ್ಟುವುದು. ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ನೀರು ತಾಗದ ಹಾಗೆ ಕೊಟ್ಟೆ ಕಟ್ಟಿದ ಹಾಗೆ. ಕೊಳೆ ರೋಗ ಕಂಡ ಮೇಲೆ ಮರ ಹತ್ತಿ ಏನು ಮಾಡುವುದು?

ವಖಾರಿಯಲ್ಲಿಟ್ಟ ಅಡಿಕೆಯ ಮೇಲಿನ ಒತ್ತೆ ಸಾಲವನ್ನೇ ನೋಡಿ. ಕ್ವಿಂಟಲಿಗೆ 48,000 ದರ ಎಂದಿಟ್ಟುಕೊಳ್ಳಿ. ಶೇ. 75 ಸಾಲ ಎಂದರೆ 36,000. ಶೇ. 11ರ ಬಡ್ಡಿ ಎಂಟು ತಿಂಗಳಿಗೆ 2,640. ಬರಬೇಕಾದ್ದು 38,640. ದರ ಶೇ. 20 ಇಳಿದರೆ ಮಾಲಿನ ಬೆಲೆ 38,400. ಅಲ್ಲಿಗೆ 240 ರೂಪಾಯಿ ಕೈಬಿಟ್ಟಿತು. ಒಣಗಿ ತೂಕ ಕಮ್ಮಿಯಾದದ್ದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದೇ ಶೇ. 60 ಕೊಟ್ಟಿದ್ದರೆ ಬಡ್ಡಿ ಸೇರಿ 30,912, ಇನ್ನೂ 7,488 ಕೈಯಲ್ಲಿರುತ್ತಿತ್ತು. ಮಂಡಳಿ ಠರಾವು ಮಾಡಬೇಕಾದ್ದು ಈ ಶೇಕಡಾ. ಜೊತೆಗೆ ದರ ಶೇ. 10 ಇಳಿದ ದಿನವೇ ಸದಸ್ಯರಿಗೆ ನೋಟಿಸು ಹೋಗಬೇಕೆಂಬುದೂ ಅದರಲ್ಲಿರಲಿ. "ಬಿಡಿ, ಅವರು ನಮ್ಮವರೇ" ಎಂದು ಮಿತಿ ಮೀರಿದ್ದು ಎಷ್ಟು, ಸಹಿ ಯಾರದ್ದು ಎಂಬುದು ಪ್ರತಿ ಸಭೆಯ ಮೊದಲ ವಿಷಯವಾಗಲಿ, ಕೊನೆಯದ್ದಲ್ಲ.

ಇನ್ನೊಂದು ಎಡವಟ್ಟು. ಬೆಳೆಸಾಲ, ಒತ್ತೆ ಸಾಲ, ಕಿರಾಣಿ ವಿಭಾಗದ ಉದ್ರಿ, ವ್ಯಾಪಾರಿಗಳಿಂದ ಬರಬೇಕಾದ ಬಾಕಿ ಎಂದು ವರದಿಯಲ್ಲಿ ನಾಲ್ಕು ಕಾಲಂ ಇರುತ್ತದೆ. ನೋಡಿದರೆ ಹಂಚಿಕೊಂಡಿದೆ ಅನಿಸುತ್ತದೆ. ನಾಲ್ಕೂ ನಿಂತಿರುವುದು ಒಂದೇ ಅಡಿಕೆಯ ಮೇಲೆ! ದರ ಬಿದ್ದ ವರ್ಷ ನಾಲ್ಕೂ ಒಟ್ಟಿಗೇ ಸುಸ್ತಿ. ಹಾಗಾಗಿ ಒಂದು ಮನೆಗೆ, ಒಬ್ಬ ವ್ಯಾಪಾರಿಗೆ ಎಲ್ಲ ಖಾತೆ ಕೂಡಿಸಿ ಎಷ್ಟು ಎಂಬ ಒಂದೇ ಪಟ್ಟಿ ತರಿಸಿ.

ಆಂತರಿಕ ಲೆಕ್ಕಪರಿಶೋಧಕರ ವರದಿ ಮ್ಯಾನೇಜರ್ ಕೈಯಲ್ಲಿ ತಿದ್ದಿಸಿಕೊಂಡು ಬಂದರೆ ಅದು ವರದಿಯಲ್ಲ, ವಿವರಣೆ. ವರ್ಷಕ್ಕೆ ಎರಡು ಸಲವಾದರೂ ಸಿಬ್ಬಂದಿಯನ್ನು ಹೊರಗೆ ಕೂರಿಸಿ ಆ ಪರಿಶೋಧಕರ ಹತ್ತಿರ ನೇರ ಮಾತಾಡಿ. ಸಭೆಯ ಟಿಪ್ಪಣಿ ಏಳು ದಿನ ಮೊದಲೇ ಮನೆ ಮುಟ್ಟಲಿ. ವಖಾರಿಯ ಚೀಲ ಎಣಿಸುವುದು ಮಾತ್ರ ಹೇಳದೇ ಕೇಳದೇ ಆಗಬೇಕು.

ವಿಮೆಯ ವಿಷಯ ಯಾರೂ ಓದುವುದಿಲ್ಲ. ದರ ಏರಿ ವಖಾರಿಯ ಮಾಲು 10 ಕೋಟಿ ಆಗಿರುತ್ತದೆ, ಪಾಲಿಸಿ ಹಳೇ 6 ಕೋಟಿಯದೇ. 2 ಕೋಟಿಯ ಮಾಲು ಸುಟ್ಟರೆ ಪೂರ್ತಿ 2 ಕೋಟಿ ಬರುತ್ತದೆ ಎಂದೇ ಎಲ್ಲರ ಲೆಕ್ಕ. ಮಾಲಿನ ಬೆಲೆಯ ಎಷ್ಟು ಪಾಲಿಗೆ ವಿಮೆಯಿದೆಯೋ ನಷ್ಟದಲ್ಲೂ ಅಷ್ಟೇ ಪಾಲು ಕೊಡುವ ಆವರೇಜ್ ಷರತ್ತು ಪಾಲಿಸಿಯಲ್ಲಿ ಇದ್ದರೆ ಕೈಗೆ ಬರುವುದು 1.2 ಕೋಟಿ.